ಮುಕ್ಕಾಲು ಗಂಟೆಯ ಸುಳ್ಳು

"ಆಲಿಸ್ ಸ್ಪ್ರಿಂಗ್ಸ್‌ನಿಂದ ಬರ್ಡ್ಸ್‌ವಿಲ್‌ಗೆ ಸುಮಾರು 600 ಕಿ.ಮೀ., ವಿಮಾನದಲ್ಲಿ ಮುಕ್ಕಾಲು ಗಂಟೆ." ಇಂಥ ಲೆಕ್ಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಅದನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿಬಿಟ್ಟರೆ ಪ್ರಯಾಣದ ಸಮಯ ಸಿಕ್ಕಿಬಿಟ್ಟಿತಂತೆ! ಅಲ್ಲ ಸ್ವಾಮಿ, ಯಾವ ಜೆಟ್? ಎಷ್ಟು ಹೊತ್ತಿಗೆ ಹೊರಡುತ್ತದೆ?

ಎರಡೂ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನ, ಅಂದರೆ ಒಳನಾಡಿನ ಒಣ ಬಯಲಿನ ಊರುಗಳು. ನಡುವೆ ಸಿಂಪ್ಸನ್ ಮರುಭೂಮಿ, ಸಾಲುಸಾಲಾಗಿ ಸಾವಿರಕ್ಕೂ ಹೆಚ್ಚು ಮರಳಿನ ದಿಬ್ಬಗಳು. ಬರ್ಡ್ಸ್‌ವಿಲ್‌ನಲ್ಲಿರುವುದು ನೂರು ಚಿಲ್ಲರೆ ಜನ. ಈ ಎರಡು ಊರುಗಳ ನಡುವೆ ಟಿಕೆಟ್ ತೆಗೆದು ಹತ್ತುವಂಥ ನೇರ ವಿಮಾನವೇ ಇಲ್ಲ!

ಹಾಗಾದರೆ ಹೋಗುವುದು ಹೇಗೆ? ಮೊದಲು ಪೂರ್ವ ಕರಾವಳಿಯ ಬ್ರಿಸ್ಬೇನ್‌ಗೆ ಹಾರಬೇಕು, ಸುಮಾರು 1,960 ಕಿ.ಮೀ. ಅಲ್ಲಿ ಸಣ್ಣ ವಿಮಾನ ಹತ್ತಿ, ಬಂದ ದಿಕ್ಕಿಗೇ ವಾಪಸ್ಸು... ಟೂವೂಂಬಾ, ಚಾರ್ಲ್‌ವಿಲ್, ಕ್ವಿಲ್ಪಿ, ವಿಂಡೋರಾ ಅಂತ ನಮ್ಮ ಹಳ್ಳಿ ಬಸ್ಸಿನ ಹಾಗೆ ಊರೂರಲ್ಲಿ ನಿಂತು ಬರ್ಡ್ಸ್‌ವಿಲ್ ಮುಟ್ಟುತ್ತದೆ. ಅದೂ ದಿನಾ ಇಲ್ಲ, ವಾರಕ್ಕೆ ಬೆರಳೆಣಿಕೆಯ ಸಲ. 600 ಇದ್ದದ್ದು 3,300 ಕಿ.ಮೀ. ದಾಟಿತು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಅಂದರೆ ಇದೇ ತಾನೆ?

"ಬಾಡಿಗೆ ವಿಮಾನದಲ್ಲಿ ಹೋಗಬಹುದಲ್ಲ" ಅನ್ನುತ್ತೀರಾ? ಹೋಗಬಹುದು, ದುಡ್ಡಿದ್ದರೆ. ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ ಗಂಟೆಗೆ 220 ಕಿ.ಮೀ. ಹಾರಿದರೂ ಎರಡೂ ಮುಕ್ಕಾಲು ಗಂಟೆ ಬೇಕು. ಮುಕ್ಕಾಲು ಗಂಟೆ ಆಗಲೂ ಸುಳ್ಳೇ.

ಇದೇನು ಇಷ್ಟು ಸಣ್ಣ ವಿಷಯಕ್ಕೆ ರಂಪ ಅನ್ನಬೇಡಿ. ಆ ಬಯಲಿನಲ್ಲಿ ದೂರ ಅಂದರೆ ಜೀವದ ಪ್ರಶ್ನೆ. ಅದು ಜಾನ್ ಫ್ಲಿನ್ ಎಂಬ ಪಾದ್ರಿಗೆ ಚೆನ್ನಾಗಿ ಗೊತ್ತಿತ್ತು. 1928ರಲ್ಲಿ ಕ್ಲಾಂಕರಿಯಿಂದ ಹಾರುವ ವೈದ್ಯರ ಸೇವೆ ಶುರುಮಾಡಿಸಿದ್ದು ಆತನೇ. ಆದರೆ ವಿಮಾನ ಒಂದಿದ್ದರೆ ಸಾಕಿತ್ತೆ? ಮನೆಯಲ್ಲಿ ಒಬ್ಬರು ಮಲಗಿದ್ದಾರೆ ಅನ್ನುವ ಸುದ್ದಿ ವೈದ್ಯರಿಗೆ ಮುಟ್ಟಬೇಕಲ್ಲ! ಆಲ್ಫ್ರೆಡ್ ಟ್ರೇಗರ್ ತಯಾರಿಸಿದ, ಸೈಕಲ್ಲಿನಂತೆ ತುಳಿದು ನಡೆಸುವ ರೇಡಿಯೋ 1929ರಲ್ಲಿ ಬಂದ ಮೇಲೆಯೇ ಒಂಟಿ ಮನೆಗಳಿಂದ ಕರೆ ಹೋಗತೊಡಗಿದ್ದು. ವಿಮಾನದ ವೇಗ ಒಂದಿಷ್ಟೂ ಹೆಚ್ಚದೆ ವೈದ್ಯರು ಹತ್ತಿರವಾದರು!

ಕರೆ ಮುಟ್ಟಲು ಹಿಡಿಯುವ ಹೊತ್ತು, ವಿಮಾನಕ್ಕೆ ಕಾಯುವ ದಿನಗಳು, ಇಳಿಯಲು ಒಂದು ಪಟ್ಟಿ ನೆಲ... ಇವನ್ನು ಬಿಟ್ಟು ಮಾಡಿದ ಲೆಕ್ಕ ಬರೀ ಪುಸ್ತಕದ ಬದನೆಕಾಯಿ. ಅದನ್ನೇ ನಂಬಿ ಯಾರಾದರೂ "ಮುಕ್ಕಾಲು ಗಂಟೆಯಲ್ಲಿ ಪೇಟೆ ಇದೆಯಲ್ಲ, ನಿಮಗ್ಯಾಕೆ ಆಸ್ಪತ್ರೆ?" ಅಂದರೆ ಆ ನೂರು ಚಿಲ್ಲರೆ ಜನ ಏನು ಮಾಡಬೇಕು?

ದೂರ ಕೇಳಿದವರಿಗೆ ಕಿಲೋಮೀಟರ್ ಹೇಳಿ, ಬೇಡ ಅನ್ನುವುದಿಲ್ಲ. ಸಮಯ ಹೇಳುವ ಮುನ್ನ ಮಾತ್ರ ವಿಮಾನ ಇದೆಯೋ ಇಲ್ಲವೋ ಒಮ್ಮೆ ನೋಡಿ. ಏನಂತೀರಿ?