ಮೆದುಳಿನ ಚಿತ್ರ ನೋಡಿ ಮಾತ್ರೆ ಬಿಡಬೇಡಿ

ಕಳೆದ ತಿಂಗಳು ಮಗ್ರಿಬ್ ಕಳೆದ ಮೇಲೆ ನಮ್ಮ ಜಮಾಅತ್‌ನ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾನೆ. “ಉಸ್ತಾದರೇ, ಗಲ್ಫ್‌ನಲ್ಲಿರುವ ದೊಡ್ಡವ ವೀಡಿಯೊ ಕಳಿಸಿದ್ದಾನೆ. ಮೆದುಳಿನ ಫೋಟೋ ತೆಗೆದು ಮಾತ್ರೆ ಇಲ್ಲದೆ ಗುಣ ಮಾಡ್ತಾರಂತೆ. ಇವನ ಮಾತ್ರೆ ನಿಲ್ಲಿಸ್ಲಾ? ನೀವೊಂದು ನೂಲು ಮಂತ್ರಿಸಿ ಕೊಟ್ಟರೆ ಸಾಕಾ?” ಎಂದರು.

ನಾನು ಡಾಕ್ಟರ್ ಅಲ್ಲ. ಆದರೂ ವಿಷಯ ಏನೆಂದು ತಿಳಿದವರಲ್ಲಿ ಕೇಳಿದೆ, ಓದಿದೆ.

ವೀಡಿಯೊದಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ. ಇದಕ್ಕೆ ನ್ಯೂರೋಫೀಡ್‌ಬ್ಯಾಕ್ ಎನ್ನುತ್ತಾರೆ. ರೋಗಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸುತ್ತಾರೆ. ಮೆದುಳಿನ ಯಾವ ಭಾಗ ಚುರುಕಾಗುತ್ತದೋ ಅಲ್ಲಿಗೆ ಆಮ್ಲಜನಕವಿರುವ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅದನ್ನು ಅಳೆದು, ಕಣ್ಣೆದುರಿನ ಪರದೆಯಲ್ಲಿ ಏರಿಳಿಯುವ ಪಟ್ಟಿಯಾಗಿ ತೋರಿಸುತ್ತದೆ. ರೋಗಿ ತನ್ನ ಬದುಕಿನ ಒಳ್ಳೆಯ ನೆನಪುಗಳನ್ನು ತಂದುಕೊಂಡು ಆ ಪಟ್ಟಿಯನ್ನು ಏರಿಸಲು ಪ್ರಯತ್ನಿಸಬೇಕು. ಒಂದು ರೀತಿ ಮೆದುಳಿಗೆ ಕಸರತ್ತು.

ಅಮೆರಿಕದ ಟುಲ್ಸಾ ನಗರದ ಸಂಶೋಧಕರು 2017ರಲ್ಲಿ ಇಂಥದ್ದೊಂದು ಅಧ್ಯಯನ ಪ್ರಕಟಿಸಿದರು. ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವನ್ನು ಚುರುಕುಗೊಳಿಸಲು ಕಲಿತ 19 ಮಂದಿಯಲ್ಲಿ 12 ಮಂದಿಯ ಖಿನ್ನತೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಬೇರೆ ಭಾಗದ ಪಟ್ಟಿ ನೋಡಿದ 17 ಮಂದಿಯಲ್ಲಿ ಹಾಗೆ ಆದದ್ದು ಇಬ್ಬರಿಗೆ ಮಾತ್ರ.

ಸಂತೋಷದ ಸುದ್ದಿಯೇ. ಆದರೆ ಲೆಕ್ಕ ನೋಡಿ, ಒಟ್ಟು 36 ಜನ. ಇಷ್ಟು ಸಣ್ಣ ಪ್ರಯೋಗ ನಂಬಿ ನಮ್ಮ ಹುಡುಗನ ಮಾತ್ರೆ ನಿಲ್ಲಿಸುವುದೇ? ಡಾಕ್ಟರಲ್ಲಿ ಕೇಳದೆ ತಟ್ಟನೆ ಬಿಟ್ಟರೆ ರೋಗ ಮರಳಿ ಬರಬಹುದು. ‘ಮೆದುಳಿನ ತರಬೇತಿ’ ಎಂಬ ಜಾಹೀರಾತು ನೋಡಿ ಬಂಗಾರ ಅಡವಿಡುವುದೂ ಬೇಡ.

ಆ ಚಿತ್ರದಿಂದ ನಾವು ಕಲಿಯಬೇಕಾದ ಪಾಠ ಬೇರೆಯೇ ಇದೆ. ಹೃದಯ, ಮೂತ್ರಪಿಂಡದ ಹಾಗೆ ಮೆದುಳೂ ಒಂದು ಅಂಗ, ಅದಕ್ಕೂ ಕಾಯಿಲೆ ಬರುತ್ತದೆ. ಖಿನ್ನತೆ ಬಂದವನಿಗೆ “ಈಮಾನ್ ಕಮ್ಮಿ”, “ಏನೋ ತಾಗಿದೆ” ಎನ್ನುವುದು ಅನ್ಯಾಯ. ಮದುವೆ ಸಂಬಂಧ ತಪ್ಪುತ್ತದೆಂದು ಹೆಣ್ಣುಮಕ್ಕಳ ಕಾಯಿಲೆ ಮುಚ್ಚಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಇದರಲ್ಲಿ ನಮ್ಮಂಥ ಉಸ್ತಾದರ ಪಾಲೂ ಇದೆ. ಶುಗರ್ ಇದ್ದವರಿಗೆ ದುಆ ಮಾಡಿ “ಡಾಕ್ಟರಿಗೆ ತೋರಿಸಿ” ಎನ್ನುವ ನಾವು, ಮನಸ್ಸಿನ ಕಾಯಿಲೆಗೆ ನೂಲು ಕೊಟ್ಟು ಸುಮ್ಮನಾಗುವುದು ಯಾಕೆ?

ಆ ತಾಯಿಗೆ ಹೇಳಿದೆ: “ದುಆ ನಾನು ಮಾಡ್ತೇನೆ. ಮಾತ್ರೆ ಮಾತ್ರ ಡಾಕ್ಟರ್ ಹೇಳುವವರೆಗೆ ಬಿಡಬೇಡಿ.” ಯಾರಲ್ಲಿ ಹೇಳಿಕೊಳ್ಳುವುದೆಂದು ತಿಳಿಯದವರಿಗೆ ಸರಕಾರದ ಟೆಲಿಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರ್ ಮಸೀದಿಯ ನೋಟಿಸ್ ಬೋರ್ಡಿನಲ್ಲೂ ಇರಲಿ.