ಚಿಪ್ಪಿನ ನಕ್ಷೆಗೂ ನೋಂದಣಿ ಬೇಕು

ಲೇಔಟ್ ಎಂದರೆ ಬೆಂಗಳೂರಿನ ಮೂವತ್ತು-ನಲವತ್ತರ ಸೈಟು ನೆನಪಾಗುವುದು ಸಹಜ. ಆದರೆ ಮೊಬೈಲಿನೊಳಗಿನ ಉಗುರಗಲದ ಚಿಪ್ಪಿಗೂ ಲೇಔಟ್ ಇದೆ. ಟ್ರಾನ್ಸಿಸ್ಟರುಗಳು ಎಲ್ಲೆಲ್ಲಿ ಇರಬೇಕು, ಅವುಗಳ ಜೋಡಣೆ ಹೇಗೆ ಎಂಬ ನಕ್ಷೆ ಅದು. ರಚಿಸಲು ತಿಂಗಳುಗಟ್ಟಲೆ ದುಡಿಮೆ ಬೇಕು. ನಕಲಿಗೆ ಅಷ್ಟು ಬೇಡ.

ಈ ನಕ್ಷೆಯ ರಕ್ಷಣೆಗಾಗಿ 1989ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತಾರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡಿತು. 1990ರಲ್ಲಿ ಭಾರತವೂ ಸಹಿ ಹಾಕಿತು. ಆದರೆ ಸಾಕಷ್ಟು ದೇಶಗಳು ಅನುಮೋದಿಸದೆ ಅದು ಜಾರಿಗೇ ಬರಲಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಅದರ ಮುಖ್ಯ ಅಂಶಗಳನ್ನು ಸದಸ್ಯ ದೇಶಗಳಿಗೆ ಕಡ್ಡಾಯ ಮಾಡಿ, ರಕ್ಷಣೆಯ ಕನಿಷ್ಠ ಅವಧಿಯನ್ನು 8ರಿಂದ 10 ವರ್ಷಕ್ಕೇರಿಸಿತು. ಅದರಂತೆ ಭಾರತ 2000ರಲ್ಲಿ ಕಾಯ್ದೆ ಮಾಡಿತು.

ಕಾಯ್ದೆಯಿದ್ದರೆ ಸಾಲದು. ಮಾರುಕಟ್ಟೆಗೆ ಬಿಟ್ಟು 2 ವರ್ಷ ಮೀರಿದ ವಿನ್ಯಾಸಕ್ಕೆ ಇಲ್ಲಿ ನೋಂದಣಿ ಸಿಗದು. ಬೇರೆ ಕರಾರಿಲ್ಲದಿದ್ದರೆ ನೌಕರ ರಚಿಸಿದ ವಿನ್ಯಾಸದ ಹಕ್ಕು ಮಾಲೀಕನದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಕನ್ನಡದ ಮಕ್ಕಳೂ ಈ ಕೆಲಸದಲ್ಲಿ ಪಳಗಿದ್ದಾರೆ. ಸ್ವಂತ ಕಂಪನಿ ಕಟ್ಟಹೊರಟವರಿಗೆ ಈ ಎರಡು ನಿಯಮ ತಿಳಿಯದಿದ್ದರೆ ದುಡಿಮೆ ಪರರ ಪಾಲು.

ಹೊರನಾಡಿನ ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಾಲು ಹೊದಿಸುತ್ತವೆ. ಅದೇ ವೇದಿಕೆಯಲ್ಲಿ ಕಾನೂನು ಬಲ್ಲವರೊಬ್ಬರಿಂದ ಅರ್ಧ ಗಂಟೆ ಮಾತಾಡಿಸಲಿ. ಸೈಟು ರಿಜಿಸ್ಟರ್ ಆಗುವವರೆಗೆ ನಿದ್ದೆ ಮಾಡದ ಜನ ಮಕ್ಕಳ ಬುದ್ಧಿಯ ಸೊತ್ತನ್ನು ಬೇಲಿಯಿಲ್ಲದೆ ಬಿಡುವುದು ತರವಲ್ಲ.