ಎರಡು ವೋಲ್ಟ್ ಎಲ್ಲಿ ಹೋಯ್ತು?

ನಾವು ಮೂರು ಜನ. ಮೂವರೂ ಸೆಕೆಂಡ್ ಇಯರ್, ಮೂವರೂ ಕಿರ್ಚಾಫ್ ನಿಯಮವನ್ನ ಲ್ಯಾಬಲ್ಲಿ ವೆರಿಫೈ ಮಾಡಿ ಹತ್ತಕ್ಕೆ ಹತ್ತು ತಗೊಂಡವರು. ಹಾಗಿದ್ದೂ ಒಂದು ಹಳೇ ಕಾರಿನ ಮುಂದೆ ಫೇಲ್ ಆದ್ವಿ. ಅದನ್ನ ಇಲ್ಲಿ ಒಪ್ಪಿಕೊಳ್ಳೋಣ ಅಂತ ಬರೀತಿದೀವಿ.

ಕಾರು ನಮ್ಮಲ್ಲೊಬ್ಬನ ಅಪ್ಪನದು. ಮನೆ ಕೆಜಿಎಫ್‌ನಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಮನೆಗಳಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ. ಅಂಕಲ್ ಬೆಳಗಿನ ಜಾವ ಅಕ್ಕಪಕ್ಕದ ಮೂವರನ್ನ ಕೂರಿಸಿಕೊಂಡು ಬಂಗಾರಪೇಟೆ ಸ್ಟೇಷನ್‌ಗೆ ಹೋಗ್ತಾರೆ. ಮಳೆಗಾಲ ಕಳೆದಾಗಿಂದ ಹೆಡ್‌ಲೈಟ್ ಒಮ್ಮೆ ಜೋರು, ಒಮ್ಮೆ ಡಿಮ್. ವೈಪರ್ ಹಾಕಿದರೆ ಇನ್ನೂ ಮಂಕು. ಒಂದು ದಿನ ಎದುರಿಗೆ ಬಂದ ಸೈಕಲ್ಲು ಕಂಡಿದ್ದು ತೀರಾ ಹತ್ತಿರ ಬಂದಾಗಲೇ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

"ಇಂಜಿನಿಯರಿಂಗ್ ಓದ್ತಿದೀರಲ್ಲ, ನೋಡ್ರಪ್ಪಾ" ಅಂದ್ರು ಅಂಕಲ್. ನಾವು ಬಾನೆಟ್ ಎತ್ತಿ, ಫೋನಲ್ಲಿ ಹುಡುಕಿ, "ಬ್ಯಾಟರಿ ವೀಕ್" ಅಂದ್ವಿ. ಹೊಸ ಬ್ಯಾಟರಿ ಬಂತು. ಮೂರೇ ದಿನ, ಮತ್ತೆ ಅದೇ ಕಥೆ. "ಹಾಗಾದ್ರೆ ಆಲ್ಟರ್ನೇಟರ್" ಅಂದ್ವಿ. ಅಂಕಲ್ ಕಾರನ್ನ ಗುಜರಿಗೆ ಹಾಕೋ ಮಾತಾಡಿದರು.

ಕೊನೆಗೆ ಬಂಗಾರಪೇಟೆಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದ್ವಿ. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡೋರು. ಅವರು ಏನನ್ನೂ ಬಿಚ್ಚಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿಸಿ, ಲೈಟು, ವೈಪರ್, ಬ್ಲೋವರ್ ಎಲ್ಲಾ ಹಾಕಿಸಿ, ಬ್ಯಾಟರಿಗೆ ಮೀಟರ್ ಇಟ್ಟರು. 14 ವೋಲ್ಟ್. ಅಂದ್ರೆ ಆಲ್ಟರ್ನೇಟರ್ ಸರಿಯಾಗೇ ಇದೆ. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕಾರಿನ ಬಾಡಿಗೆ. ಹೆಚ್ಚುಕಮ್ಮಿ ಸೊನ್ನೆ ಇರಬೇಕಾದ ಕಡೆ 2 ವೋಲ್ಟ್!

"ಅರ್ತ್ ಇಲ್ಲ ಕಣ್ರಪ್ಪಾ."

ಬಾಡಿಗೆ ಕೂರೋ ಅರ್ತ್ ವೈರಿನ ಬೋಲ್ಟ್ ಕೆಳಗೆಲ್ಲಾ ತುಕ್ಕು. ಸ್ಯಾಂಡ್ ಪೇಪರಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದರು. ಲೈಟು ಬೆಳ್ಳಗೆ ನಿಂತಿತು.

ಲೆಕ್ಕ ಹಾಕಿ ನೋಡಿ. ಎಲ್ಲಾ ಹಾಕಿದಾಗ ಸುಮಾರು 20 ಆಂಪಿಯರ್. ತುಕ್ಕಿನ ರೆಸಿಸ್ಟೆನ್ಸ್ ಬರೀ 0.1 ಓಮ್ ಇದ್ರೂ ಅಲ್ಲೇ 2 ವೋಲ್ಟ್ ಸೋರಿಹೋಗುತ್ತೆ. 12 ವೋಲ್ಟಿನ ಕಾರಿಗೆ ಅದು ಸಣ್ಣ ನಷ್ಟವಲ್ಲ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಎಷ್ಟೋ ವೇಗವಾಗಿ ಇಳಿಯುತ್ತೆ. ಇದು ನಮಗೆ ಗೊತ್ತಿಲ್ಲದ ವಿಷಯವಾ? ಗೊತ್ತಿತ್ತು. ಅಳೆಯೋ ಬುದ್ಧಿ ಮಾತ್ರ ಇರಲಿಲ್ಲ.

ನಾಚಿಕೆಗೆ ಇನ್ನೊಂದು ಕಾರಣ, ಊರು ಕೆಜಿಎಫ್. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದದ್ದು ಇದೇ ಗಣಿಗಳಿಗೆ. ಬೆಂಗಳೂರಿಗೆ ಕರೆಂಟ್ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ಬರುವಾಗ ದಾರಿಯಲ್ಲಿ ಎಷ್ಟು ಸೋರುತ್ತೆ ಅಂತ ಯೋಚಿಸಿಯೇ ವೋಲ್ಟೇಜ್ ಏರಿಸಿ ಕಳಿಸಿದರು. ನಾವು ಒಂದಡಿ ವೈರಿನಲ್ಲಿ ಸೋರಿದ್ದನ್ನ ಹುಡುಕಲಿಲ್ಲ.

"ಈಗಿನ ಕಾರಿಗೆ ಸ್ಕ್ಯಾನರ್ ಇದೆಯಲ್ಲ" ಅಂತೀರಾ? ಇದೆ. ಆದ್ರೆ ಅರ್ತ್ ಕೆಟ್ಟರೆ ಸೆನ್ಸರ್ ಕೂಡ ಸುಳ್ಳು ಹೇಳುತ್ತೆ. ಸ್ಕ್ಯಾನರ್ ಆ ಸುಳ್ಳನ್ನೇ ನೀಟಾಗಿ ಓದಿ ತೋರಿಸುತ್ತೆ, ನಾವು ಒಳ್ಳೇ ಸೆನ್ಸರನ್ನ ಬಿಸಾಕ್ತೀವಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಲ್ಯಾಬಿಗೆ ಒಂದು ಹಳೇ ಕಾರು ತಂದು ನಿಲ್ಲಿಸಿ. ಎಲ್ಲೋ ಒಂದು ಕಡೆ ತಪ್ಪು ಬಚ್ಚಿಡಿ. ಸರ್ಕ್ಯೂಟ್ ಬರೆದವರಿಗಲ್ಲ, ತಪ್ಪು ಹುಡುಕಿದವರಿಗೆ ಮಾರ್ಕ್ಸ್ ಕೊಡಿ. ವರ್ಷಕ್ಕೊಮ್ಮೆ ಇಂಥ ಒಬ್ಬ ಮೆಕ್ಯಾನಿಕ್ಕನ್ನ ಗೆಸ್ಟ್ ಆಗಿ ಕರೆಸಿ, ಅವರ ಭಾಷೇಲೇ ಪಾಠ ಆಗಲಿ. ನಮಗೆ ಅರ್ಥ ಆಗುತ್ತೆ.

ಹೊಸ ಬ್ಯಾಟರಿ ದುಡ್ಡು ಅಂಕಲ್‌ಗೆ ಇನ್ನೂ ವಾಪಸ್ ಕೊಟ್ಟಿಲ್ಲ. ಕೊಡ್ತೀವಿ. ಅಷ್ಟರಲ್ಲಿ ಮೂವರೂ ಸೇರಿ ಒಂದು ಮಲ್ಟಿಮೀಟರ್ ತಗೊಂಡಿದೀವಿ.